ಹಾಳೆ ತಟ್ಟೆಯ ಕೈಪ್ರೆಸ್ಸು: ರಟ್ಟೆ ನೋಯದ ಹಾಗೆ ಹೊಂದಿಸಿಕೊಳ್ಳುವುದು ಹೇಗೆ?

ಅಡಕೆ ಮರದ ಹಾಳೆಯಿಂದ ಊಟದ ತಟ್ಟೆ ಮಾಡುವ ಯಂತ್ರ ಮನೆಗೆ ಬಂದ ಮೊದಲ ವಾರ ಎಲ್ಲರಿಗೂ ಉಮೇದು. ನೆಂಟರು ಬಂದರೆ ಅವರೂ ಒಂದು ಸಲ ಹ್ಯಾಂಡಲ್ ಎಳೆದು ನೋಡುತ್ತಾರೆ. ಎರಡನೇ ವಾರ ನೋವಿನ ಎಣ್ಣೆಯ ಬಾಟಲಿ ಕಪಾಟಿನಿಂದ ಹೊರಗೆ ಬರುತ್ತದೆ. ಮೂರನೇ ವಾರ ನೋಡಿದರೆ ಯಂತ್ರದ ಹ್ಯಾಂಡಲಿನಲ್ಲಿ ಒದ್ದೆ ಬೈರಾಸು ಒಣಗುತ್ತಿರುತ್ತದೆ.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯವರಿಗೆ ಹಾಳೆ ಹೊಸದೇನಲ್ಲ. ಅದರಲ್ಲಿ ತಲೆಗೆ ಮುಟ್ಟಾಳೆ ಟೊಪ್ಪಿ ಮಾಡಿಕೊಂಡಿದ್ದೇವೆ, ಮಕ್ಕಳನ್ನು ಕೂರಿಸಿ ಅಂಗಳದ ತುಂಬ ಎಳೆದಿದ್ದೇವೆ, ಉಳಿದದ್ದನ್ನು ದನಕ್ಕೋ ಗೊಬ್ಬರಕ್ಕೋ ಹಾಕಿದ್ದೇವೆ. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶವಿಡೀ ನಿಷೇಧವಾಯಿತು. ಆಮೇಲೆ ಮದುವೆ, ಪೂಜೆ, ಭೂತಕೋಲ ಎಲ್ಲಿ ನೋಡಿದರೂ ಹಾಳೆ ತಟ್ಟೆ. ಸಣ್ಣ ಕೈಪ್ರೆಸ್ಸು ತಂದು ಮನೆಯಲ್ಲೇ ಮಾಡಿದರೆ ಆಗದಾ ಅಂತ ಯೋಚಿಸುವವರೂ ಜಾಸ್ತಿಯಾದರು.

ಯಂತ್ರ ಕೊಡುವವರು ಡೈ ಎಷ್ಟಿಂಚು, ಎಷ್ಟು ವಾಟ್ ಅಂತ ಹೇಳುತ್ತಾರೆ. ನಿಂತು ಎಳೆಯುವವರ ಎತ್ತರ ಎಷ್ಟು ಅಂತ ಕೇಳುವುದಿಲ್ಲ. ನೋವು ಶುರುವಾಗುವುದು ಅಲ್ಲಿಂದ. ಒಳ್ಳೆಯ ಸುದ್ದಿ ಏನೆಂದರೆ, ಇದನ್ನು ಸರಿ ಮಾಡಲಿಕ್ಕೆ ಹೊಸ ಯಂತ್ರ ಬೇಡ. ಎರಡು ಸ್ಪ್ಯಾನರ್, ಒಂದು ಟೇಪು, ಅರ್ಧ ದಿನ ಸಾಕು.

ಯಂತ್ರದೊಳಗೆ ಏನೇನಿದೆ

ಕೈಪ್ರೆಸ್ಸಿನ ಒಳಗಿರುವುದು ಕಡಿಮೆ. ಕೆಳಗೆ ತಟ್ಟೆಯ ಆಕಾರದ ಗುಂಡಿಯಿರುವ ಒಂದು ಕಬ್ಬಿಣದ ಅಚ್ಚು. ಮೇಲೆ ಆ ಗುಂಡಿಗೆ ಸರಿಯಾಗಿ ಕೂರುವ ಇನ್ನೊಂದು ಅಚ್ಚು. ಇವಕ್ಕೆ ಡೈ ಅಂತ ಹೆಸರು. ಡೈಯ ಒಳಗೆ ಬಿಸಿ ಮಾಡುವ ಕಾಯಿಲ್, ಬಿಸಿ ಹೆಚ್ಚಾಗದ ಹಾಗೆ ನೋಡಿಕೊಳ್ಳುವ ಥರ್ಮೋಸ್ಟಾಟ್. ಅಂಚು ಕತ್ತರಿಸಲಿಕ್ಕೆ ಸುತ್ತಲೂ ಹರಿತವಾದ ಬಳೆ. ಮೇಲಿನ ಡೈಯನ್ನು ಕೆಳಗೆ ಒತ್ತಲಿಕ್ಕೆ ಹ್ಯಾಂಡಲ್, ಹ್ಯಾಂಡಲಿಗೂ ಡೈಗೂ ನಡುವೆ ಕೀಲುಗಳು. ಕೆಲವು ಯಂತ್ರಗಳಲ್ಲಿ ಹ್ಯಾಂಡಲಿನ ಬದಲು ಕಾಲಿನ ಪೆಡಲ್ ಇರುತ್ತದೆ. ಇಲ್ಲಿ ಹೇಳುತ್ತಿರುವುದು ಕೈಯಲ್ಲಿ ಎಳೆಯುವುದರ ಬಗ್ಗೆ.

ಕೆಲಸದ ಕ್ರಮ ನಿಮಗೆ ಗೊತ್ತಿರಬಹುದು. ಒಣಗಿದ ಹಾಳೆಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ನೀರು ಇಳಿಯಲು ಬಿಡಬೇಕು. ಆಮೇಲೆ ಬಿಸಿ ಡೈಯ ಮೇಲಿಟ್ಟು ಹ್ಯಾಂಡಲ್ ಎಳೆದು, ಅರ್ಧ ನಿಮಿಷವೋ ಸ್ವಲ್ಪ ಜಾಸ್ತಿಯೋ ಒತ್ತಿ ಹಿಡಿದು, ಬಿಟ್ಟು, ತಟ್ಟೆ ತೆಗೆಯುವುದು. ಒಂದು ತಟ್ಟೆಗೆ ಒಂದು ಎಳೆತ. 200 ತಟ್ಟೆಗೆ 200 ಎಳೆತ.

ಉದ್ದ ಹ್ಯಾಂಡಲ್, ಏತದ ಲೆಕ್ಕ

ಹಿಂದೆ ತೋಟಕ್ಕೆ ನೀರು ಹಾಯಿಸುತ್ತಿದ್ದ ಏತ ನೆನಪಿದೆಯಾ? ಆಸರೆಯ ಕಂಬದಿಂದ ಕೈ ದೂರ ಇದ್ದಷ್ಟೂ ಭಾರ ಹಗುರವಾಗುತ್ತದೆ. ಬದಲಿಗೆ ಕೈ ಹೆಚ್ಚು ದೂರ ಓಡಾಡಬೇಕು. ಪ್ರೆಸ್ಸಿನ ಹ್ಯಾಂಡಲಿನದ್ದೂ ಅದೇ ಲೆಕ್ಕ.

60 ಸೆಂಟಿಮೀಟರ್ ಉದ್ದದ ಹ್ಯಾಂಡಲನ್ನು ತುದಿಯಲ್ಲಿ ಹಿಡಿದು ಎಳೆಯಲು 20 ಕಿಲೋ ಭಾರದಷ್ಟು ಬಲ ಬೇಕು ಅಂತಿಟ್ಟುಕೊಳ್ಳಿ. ಅದನ್ನೇ 90 ಸೆಂಟಿಮೀಟರ್ ಮಾಡಿದರೆ ಸುಮಾರು 13 ಕಿಲೋದಷ್ಟು ಸಾಕು. ಆದರೆ ಕೈ ಸಾಗುವ ದಾರಿ ಒಂದೂವರೆ ಪಟ್ಟಾಗುತ್ತದೆ. ಅಂದರೆ ಶುರುವಿನಲ್ಲಿ ತಲೆಯ ಮೇಲೆ ಕೈ ಎತ್ತಬೇಕು, ಕೊನೆಯಲ್ಲಿ ಮೊಣಕಾಲಿನವರೆಗೆ ಬಗ್ಗಬೇಕು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕೊಟ್ಟ ಹಾಗೆ.

ಕೆಲವರು ಹ್ಯಾಂಡಲಿಗೆ ಉದ್ದದ ಜಿಐ ಪೈಪು ಸಿಕ್ಕಿಸಿ ಎಳೆಯುತ್ತಾರೆ. ಇದು ಬೇಡ. ಬರೀ ಸಿಕ್ಕಿಸಿದ ಪೈಪು ಒಂದು ದಿನ ಕಳಚಿ ಕೈಗೆ ಬರುತ್ತದೆ, ಎದುರಿಗೆ ಬಿಸಿ ಡೈ ಇರುತ್ತದೆ. ಕೀಲಿನ ಪಿನ್ನೂ ಆ ಹೆಚ್ಚಿನ ಬಲಕ್ಕೆ ಮಾಡಿದ್ದಲ್ಲ. ಹ್ಯಾಂಡಲ್ ಉದ್ದ ಬೇಕೇ ಬೇಕು ಅಂತಿದ್ದರೆ ವೆಲ್ಡಿಂಗ್‌ನವರ ಹತ್ತಿರ ಸರಿಯಾಗಿ ಮಾಡಿಸಿ. ಅದಕ್ಕೂ ಮೊದಲು ಮುಂದಿನದ್ದನ್ನು ಓದಿ, ಬಹುಶಃ ಬೇಕಾಗಲಿಕ್ಕಿಲ್ಲ.

ಮೊಣಕಾಲಿನ ಗುಟ್ಟು

ಭಾರದ ಅಕ್ಕಿ ಪೆಟ್ಟಿಗೆಯನ್ನು ಕಾಲಿನಿಂದ ದೂಡಬೇಕು. ಗೋಡೆಗೆ ಬೆನ್ನು ಕೊಟ್ಟು ಕೂರುತ್ತೀರಿ. ಮೊಣಕಾಲು ಪೂರ್ತಿ ಮಡಚಿದ್ದಾಗ ದೂಡಿದರೆ ಪೆಟ್ಟಿಗೆ ಅಲುಗುವುದಿಲ್ಲ. ಕಾಲು ನೆಟ್ಟಗಾಗಲು ಇನ್ನು ಸ್ವಲ್ಪವೇ ಉಳಿದಿದೆ ಅನ್ನುವಾಗ ದೂಡಿ ನೋಡಿ, ಸರ್ರನೆ ಹೋಗುತ್ತದೆ. ಕಾಲಿಗೆ ಹೊಸ ಶಕ್ತಿ ಬಂದದ್ದಲ್ಲ. ಎರಡು ಎಲುಬುಗಳು ಒಂದೇ ಗೆರೆಗೆ ಬರುವ ಹೊತ್ತಿಗೆ ಸಣ್ಣ ಬಲವೂ ದೊಡ್ಡ ಒತ್ತಡವಾಗುತ್ತದೆ, ಅಷ್ಟೇ.

ಅನೇಕ ಕೈಪ್ರೆಸ್ಸುಗಳಲ್ಲಿ ಇರುವುದು ಇಂಥದೇ ಕೀಲು. ಎರಡು ಕಬ್ಬಿಣದ ಪಟ್ಟಿಗಳು, ನಡುವೆ ಮೊಣಕಾಲಿನ ಹಾಗೆ ಮಡಚುವ ಒಂದು ಪಿನ್. ಹ್ಯಾಂಡಲ್ ಎಳೆದಾಗ ಮಡಚಿದ ಪಟ್ಟಿಗಳು ನೆಟ್ಟಗಾಗುತ್ತವೆ, ಡೈ ಕೆಳಗೆ ಇಳಿಯುತ್ತದೆ.

ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಎರಡೂ ಪಟ್ಟಿಗಳು ಒಂದೇ ಉದ್ದ ಇದ್ದು, ಪ್ರತಿಯೊಂದೂ ನೇರ ಗೆರೆಯಿಂದ 45 ಡಿಗ್ರಿ ವಾಲಿದ್ದಾಗ, ನಡುವಿನ ಪಿನ್ನಿಗೆ ಕೊಟ್ಟ ಬಲದ ಅರ್ಧ ಮಾತ್ರ ಡೈಗೆ ಸಿಗುತ್ತದೆ. 20 ಡಿಗ್ರಿಗೆ ಬಂದಾಗ ಸುಮಾರು 1.4 ಪಟ್ಟು. 10 ಡಿಗ್ರಿಯಲ್ಲಿ 2.8 ಪಟ್ಟು. 5 ಡಿಗ್ರಿಯಲ್ಲಿ 5.7 ಪಟ್ಟು. ಯಂತ್ರದ ನಿಜವಾದ ಶಕ್ತಿ ಎಳೆತದ ಕೊನೆಯ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಇದೆ. ಮೇಲಿನದ್ದೆಲ್ಲ ಡೈಯನ್ನು ಕೆಳಗೆ ತಂದು ಮುಟ್ಟಿಸುವ ದಾರಿ ಮಾತ್ರ.

ಇದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಹೊಂದಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಕೊನೆಯ ನಾಲ್ಕು ಬೆರಳಿನ ಜಾಗ ಬರುವಾಗ ನನ್ನ ಕೈ ಎಲ್ಲಿರುತ್ತದೆ?

ಎತ್ತರ: ನಿಮ್ಮದೇ ಗೇಣಿನಲ್ಲಿ ಅಳೆಯಿರಿ

ಮೈಗೆ ತಕ್ಕ ಹಾಗೆ ಕೆಲಸವನ್ನು ಹೊಂದಿಸುವ ಶಾಸ್ತ್ರಕ್ಕೆ ಎರ್ಗಾನಾಮಿಕ್ಸ್ ಅಂತ ಹೆಸರು. ಆ ಮಾತನ್ನು 1857ರಲ್ಲಿ ಪೋಲೆಂಡಿನ ಒಬ್ಬ ಪ್ರಕೃತಿ ವಿಜ್ಞಾನಿ ಬಳಕೆಗೆ ತಂದರು. ಗ್ರೀಕ್ ಭಾಷೆಯಲ್ಲಿ ಎರ್ಗಾನ್ ಅಂದರೆ ಕೆಲಸ, ನೋಮೋಸ್ ಅಂದರೆ ನಿಯಮ. ಹೆಸರು ದೊಡ್ಡದು, ಇಲ್ಲಿ ನಮಗೆ ಬೇಕಾದ ನಿಯಮ ಸಣ್ಣದು.

ನಿಂತು ಮಾಡುವ ಕೆಲಸಕ್ಕೆ ಅಳತೆಗೋಲು ಮೊಣಕೈ. ಕೈ ಇಳಿಬಿಟ್ಟು, ಮೊಣಕೈಯನ್ನು 90 ಡಿಗ್ರಿಗೆ ಮಡಚಿದಾಗ ನೆಲದಿಂದ ಅದು ಎಷ್ಟು ಎತ್ತರದಲ್ಲಿದೆ ನೋಡಿ. ಹೂ ಕಟ್ಟುವಂಥ ನಾಜೂಕಿನ ಕೆಲಸಕ್ಕೆ ಅದಕ್ಕಿಂತ 5ರಿಂದ 10 ಸೆಂಟಿಮೀಟರ್ ಮೇಲೆ ಇದ್ದರೆ ಒಳ್ಳೆಯದು. ಹಗುರ ಕೆಲಸಕ್ಕೆ 10ರಿಂದ 15 ಸೆಂಟಿಮೀಟರ್ ಕೆಳಗೆ. ಬಲ ಹಾಕುವ ಕೆಲಸಕ್ಕೆ 15ರಿಂದ 40 ಸೆಂಟಿಮೀಟರ್ ಕೆಳಗೆ. ಚಪಾತಿ ಹಿಟ್ಟು ನಾದುವಾಗ ಅಡುಗೆ ಕಟ್ಟೆ ಎತ್ತರವಾಯಿತು ಅಂತ ಅನಿಸುವುದು, ಅದೇ ಕಟ್ಟೆಯಲ್ಲಿ ತರಕಾರಿ ಹೆಚ್ಚುವಾಗ ಸರಿ ಇದೆ ಅನಿಸುವುದು, ಇದರಿಂದಲೇ.

ಟೇಪು ಇಲ್ಲದಿದ್ದರೆ ಬೇಡ. ಮೊಣಕೈಯಿಂದ ನಿಮ್ಮದೇ ಒಂದು ಗೇಣು ಕೆಳಗೆ. ಹ್ಯಾಂಡಲಿನ ಕೊನೆ ಬರಬೇಕಾದ ಜಾಗ ಸುಮಾರಾಗಿ ಅದು. ಅಲ್ಲಿ ಎಳೆಯುವಾಗ ರಟ್ಟೆಯ ಜೊತೆ ಮೈಯ ಭಾರವೂ ಕೆಲಸಕ್ಕೆ ಬರುತ್ತದೆ. ಶುರುವಿನ ಜಾಗ ಹೆಗಲಿಗಿಂತ ಮೇಲೆ ಹೋಗಬಾರದು. ಹೆಗಲಿನ ಮೇಲೆ ಕೈ ಎತ್ತಿದಾಗ ಕೈಯನ್ನು ಎತ್ತಿ ಹಿಡಿಯಲಿಕ್ಕೇ ಅರ್ಧ ಶಕ್ತಿ ಹೋಗುತ್ತದೆ. ಬಲ್ಬು ಬದಲಿಸುವಾಗ ಎರಡೇ ನಿಮಿಷಕ್ಕೆ ಕೈ ಸೋಲುತ್ತದೆ ಅಲ್ವಾ?

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಕೈಪ್ರೆಸ್ಸು ತಂದವರು ಅದನ್ನು ಹಳೆಯ ಊಟದ ಮೇಜಿನ ಮೇಲೆ ಕೂರಿಸಿ ಹೋದರು. ಮೇಜು 75 ಸೆಂಟಿಮೀಟರ್. ಹ್ಯಾಂಡಲ್ ತಿರುಗುವ ಗೂಟ ಮೇಜಿನಿಂದ 40 ಸೆಂಟಿಮೀಟರ್ ಮೇಲೆ. ಅಂದರೆ ನೆಲದಿಂದ 115. ಕೆಲಸ ಮಾಡುವವರು ಚಿಕ್ಕಮ್ಮ. ಹತ್ತು ದಿನಕ್ಕೆ ಅವರಿಗೆ ಬಲಗೈ ಎತ್ತಿ ತಲೆ ಬಾಚಲಿಕ್ಕಾಗದ ಹಾಗಾಯಿತು. "ಕೈ ಬೇನೆ ಆವ್ತು" ಅಂದರು. ನಾವು ವಯಸ್ಸಿನ ಮೇಲೆ ಹಾಕಿದೆವು.

ಒಂದು ಆದಿತ್ಯವಾರ ಟೇಪು ಹಿಡಿದು ಕೂತೆ. ಚಿಕ್ಕಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದೆ. "ಎಂತ ಮಾರಾಯ, ರವಕೆ ಹೊಲಿಸ್ಲಿಕ್ಕುಂಟಾ?" ಅಂತ ನಕ್ಕರು. ಮೊಣಕೈ 96 ಸೆಂಟಿಮೀಟರ್, ಹೆಗಲು 125. ಹ್ಯಾಂಡಲ್ 60 ಸೆಂಟಿಮೀಟರ್ ಉದ್ದ. ಅಡ್ಡ ಗೆರೆಯಿಂದ 35 ಡಿಗ್ರಿ ಮೇಲೆ ಶುರುವಾಗಿ 15 ಡಿಗ್ರಿ ಕೆಳಗೆ ನಿಲ್ಲುತ್ತಿತ್ತು. ಶುರುವಿನಲ್ಲಿ ಹಿಡಿ ನೆಲದಿಂದ 149 ಸೆಂಟಿಮೀಟರ್. ಚಿಕ್ಕಮ್ಮನ ತಲೆಯ ನೆತ್ತಿಯ ಹತ್ತಿರ! ಕೊನೆಯಲ್ಲಿ ಸುಮಾರು 100. ಎಲ್ಲಕ್ಕಿಂತ ಹೆಚ್ಚು ಬಲ ಬೇಕಾದ ಜಾಗ ಅವರ ಮೊಣಕೈಗಿಂತ ಮೇಲೆ ಇತ್ತು. ಮೈಯ ಭಾರ ಒಂದು ಚೂರೂ ಉಪಯೋಗಕ್ಕೆ ಬರುತ್ತಿರಲಿಲ್ಲ, ಎಲ್ಲ ರಟ್ಟೆಯಿಂದಲೇ ಆಗಬೇಕಿತ್ತು.

ಮೊದಲ ಯೋಚನೆ ಮೇಜಿನ ಕಾಲು ಕತ್ತರಿಸುವುದು. 25 ಸೆಂಟಿಮೀಟರ್ ಇಳಿಸಿದರೆ ಹಿಡಿಯ ಲೆಕ್ಕ ಸರಿಯಾಗುತ್ತದೆ. ಆದರೆ ಕೆಳಗಿನ ಡೈಯೂ ಅಷ್ಟೇ ಇಳಿದು, ಹಾಳೆ ಇಡಲಿಕ್ಕೆ ಪ್ರತಿ ಸಲ ಬಗ್ಗಬೇಕು. ಹೆಗಲಿನ ನೋವು ಸೊಂಟಕ್ಕೆ ವರ್ಗವಾದ ಹಾಗೆ.

ಆಗ ಹ್ಯಾಂಡಲಿನ ಬುಡ ನೋಡಿದೆ. ಅಡ್ಡ ಸರಳನ್ನು ಒಂದು ಪಟ್ಟಿ ಬಿಗಿಯಾಗಿ ಅಪ್ಪಿಕೊಂಡಿತ್ತು, ಅದಕ್ಕೆ ಎರಡು ಬೋಲ್ಟು. ಬೋಲ್ಟು ಸಡಿಲಿಸಿ, ಕೀಲನ್ನು ಇದ್ದಲ್ಲೇ ಇಟ್ಟು, ಹ್ಯಾಂಡಲನ್ನು ಮಾತ್ರ ಗಡಿಯಾರದ ಮುಳ್ಳು ತಿರುಗಿಸಿದ ಹಾಗೆ 20 ಡಿಗ್ರಿ ಕೆಳಗೆ ತಂದು ಮತ್ತೆ ಬಿಗಿದೆ. ಈಗ ಅದು 15 ಡಿಗ್ರಿ ಮೇಲೆ ಶುರುವಾಗಿ 35 ಡಿಗ್ರಿ ಕೆಳಗೆ ನಿಲ್ಲುತ್ತದೆ. ಶುರು 130 ಸೆಂಟಿಮೀಟರಿನಲ್ಲಿ, ಕೊನೆ 80ರಲ್ಲಿ. ಚಿಕ್ಕಮ್ಮನ ಮೊಣಕೈಯಿಂದ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ. ಕೀಲು, ಡೈ, ಒತ್ತಡ ಯಾವುದೂ ಬದಲಾಗಲಿಲ್ಲ. ಉಳಿದ ಐದಾರು ಸೆಂಟಿಮೀಟರಿಗೆ ಅವರು ನಿಲ್ಲುವಲ್ಲಿ ಒಂದು ಅಗಲವಾದ ಹಲಗೆ ಹಾಕಿದೆವು.

ನಿಮ್ಮ ಯಂತ್ರದಲ್ಲಿ ಹ್ಯಾಂಡಲ್ ಬೆಸುಗೆ ಹಾಕಿದ್ದೇ ಆಗಿದ್ದರೆ ಬೋಲ್ಟು ಸಿಗಲಿಕ್ಕಿಲ್ಲ. ಆಗ ಹಲಗೆ, ಮೇಜು ಇವೆರಡರಲ್ಲೇ ಹೊಂದಿಸಬೇಕು. ಹಲಗೆ ಕಾಲಿಟ್ಟು ಹಿಂದೆ ಸರಿದರೂ ಬೀಳದಷ್ಟು ಅಗಲ ಇರಲಿ. ಬಿಸಿ ಯಂತ್ರದ ಎದುರು ಸ್ಟೂಲಿನ ಮೇಲೆ ನಿಲ್ಲುವುದು ಬೇಡವೇ ಬೇಡ.

ಎಳೆಯುವುದಕ್ಕಿಂತ ಹಿಡಿದಿಡುವುದು ಕಷ್ಟ

ತುಂಬಿದ ಕೊಡಪಾನವನ್ನು ಬಾವಿಕಟ್ಟೆಯಿಂದ ಅಡುಗೆ ಮನೆಗೆ ತರುವುದು ಕಷ್ಟವಲ್ಲ. ಅದೇ ಕೊಡಪಾನವನ್ನು ಕೈ ಚಾಚಿ ಅರ್ಧ ನಿಮಿಷ ಸುಮ್ನೆ ಹಿಡಿದು ನಿಲ್ಲಿ ನೋಡೋಣ. ಕೈ ನಡುಗುತ್ತದೆ.

ಕಾರಣ ರಕ್ತ. ಸ್ನಾಯು ಬಿಗಿಯಾಗಿ ಸಡಿಲವಾದಾಗ ಒಳಗಿನ ರಕ್ತನಾಳಗಳು ಪಂಪಿನ ಹಾಗೆ ಒತ್ತಿ ಬಿಡುತ್ತವೆ, ಹೊಸ ರಕ್ತ ಬರುತ್ತದೆ. ಬಿಗಿಯಾಗಿಯೇ ಉಳಿದರೆ ನಾಳಗಳು ಅದುಮಿ ಹೋಗಿ ರಕ್ತ ಓಡುವುದು ಕಡಿಮೆಯಾಗುತ್ತದೆ. ಸ್ನಾಯು ಬೇಗ ದಣಿಯುತ್ತದೆ.

ಹಾಳೆ ಬಿಸಿಗೆ ಬಗ್ಗಿ ಆಕಾರ ಹಿಡಿಯಲಿಕ್ಕೆ ಹೊತ್ತು ಬೇಕು. ಅಷ್ಟು ಹೊತ್ತೂ ಹ್ಯಾಂಡಲಿಗೆ ಜೋತುಬಿದ್ದು ನಿಂತರೆ, 200 ತಟ್ಟೆಗೆ ತಲಾ 30 ಸೆಕೆಂಡಿನಂತೆ 100 ನಿಮಿಷ ಕೊಡಪಾನ ಹಿಡಿದು ನಿಂತ ಹಾಗಾಯಿತು. ಎಳೆತದ ನೋವು ಅಂತ ನಾವು ಹೇಳುವುದರಲ್ಲಿ ಇದೇ ದೊಡ್ಡ ಪಾಲು ಅಂತ ನನಗನ್ನಿಸುತ್ತದೆ.

ಸರಿಯಾಗಿ ಮಾಡಿದ ಕೀಲು ನೆಟ್ಟಗಾಗಿ, ಕೂದಲೆಳೆಯಷ್ಟು ಆಚೆಗೆ ದಾಟಿ ನಿಲ್ಲುತ್ತದೆ. ಆಮೇಲೆ ಕೈ ಬಿಟ್ಟರೂ ಡೈ ಮೇಲೆ ಬರುವುದಿಲ್ಲ. ನೆಟ್ಟಗೆ ನಿಂತಾಗ ಮೊಣಕಾಲು ತನ್ನಷ್ಟಕ್ಕೇ ಬಿಗಿಯಾಗಿ ನಿಲ್ಲುತ್ತದಲ್ಲ, ಹಾಗೆ. ನಿಮ್ಮ ಯಂತ್ರ ಹಾಗೆ ನಿಲ್ಲುತ್ತದೆಯೇ ಅಂತ ಆರಿದ ಡೈಯಲ್ಲಿ ಒಂದು ಹಾಳೆ ಇಟ್ಟು, ಮುಖ ದೂರ ಇಟ್ಟುಕೊಂಡು, ಮೆಲ್ಲ ಹ್ಯಾಂಡಲ್ ಸಡಿಲ ಬಿಟ್ಟು ನೋಡಿ. ನಿಲ್ಲದಿದ್ದರೆ ವೆಲ್ಡಿಂಗ್‌ನವರಿಂದ ಒಂದು ಕೊಕ್ಕೆ ಹಾಕಿಸಬಹುದು. ಕೊಕ್ಕೆ ಒಂದೇ ಕೈಯಲ್ಲಿ ಥಟ್ಟನೆ ಬಿಡಿಸುವಂತಿರಬೇಕು. ಹಾಳೆ ಹೊಗೆಯಾಡಲು ಶುರುವಾದಾಗ ಕೊಕ್ಕೆಯ ಜೊತೆ ಜಗಳ ಆಡುವ ಹಾಗೆ ಆಗಬಾರದು.

ಡೈ ಎಲ್ಲಿ ಮುಟ್ಟುತ್ತದೆ

ಕೊನೆಯ ನಾಲ್ಕು ಬೆರಳಿನಲ್ಲಿ ಶಕ್ತಿ ಇದೆ ಅಂದೆ. ಆದರೆ ಮೇಲಿನ ಡೈ ಅದಕ್ಕಿಂತ ಮೊದಲೇ ಹಾಳೆಗೆ ತಾಗಿ ನಿಂತರೆ? ಪಟ್ಟಿಗಳು ಇನ್ನೂ 20 ಡಿಗ್ರಿಯಲ್ಲಿ ಇರುತ್ತವೆ. ಯಂತ್ರದ ಸಹಾಯ ಒಂದೂವರೆ ಪಟ್ಟಿಗಿಂತಲೂ ಕಡಿಮೆ. ಉಳಿದದ್ದೆಲ್ಲ ನಿಮ್ಮ ರಟ್ಟೆಯಿಂದ. ಇನ್ನೊಂದು ತಪ್ಪು ಇದರ ಉಲ್ಟಾ: ಪಟ್ಟಿಗಳು ಪೂರ್ತಿ ನೆಟ್ಟಗಾದರೂ ಡೈ ಸರಿಯಾಗಿ ಕೂರುವುದಿಲ್ಲ. ಹ್ಯಾಂಡಲ್ ಬೆಣ್ಣೆಯ ಹಾಗೆ ಇಳಿಯುತ್ತದೆ, ತಟ್ಟೆ ಮಾತ್ರ ಸೊಟ್ಟ, ಅಂಚು ಕತ್ತರಿಸಿರುವುದಿಲ್ಲ.

ಇದಕ್ಕೆ ಮೇಲಿನ ಡೈ ನೇತಾಡುವ ಸರಳನ್ನು ನೋಡಿ, ಅದಕ್ಕೆ ಸ್ಕ್ರೂವಿನ ಹಾಗೆ ಸುರುಳಿ ಗೆರೆ, ಅಂದರೆ ಮರೆ, ಇರುತ್ತದೆ. ಸರಳು ತಾನಾಗಿ ತಿರುಗದ ಹಾಗೆ ಬಿಗಿ ಹಿಡಿಯುವ ಒಂದು ಲಾಕ್ ನಟ್ ಅದರಲ್ಲಿ ಇರುತ್ತದೆ. ಸ್ವಿಚ್ಚು ತೆಗೆದು, ಪ್ಲಗ್ಗು ಕಿತ್ತು, ಡೈ ಪೂರ್ತಿ ಆರಿದ ಮೇಲೆ ಶುರು ಮಾಡಿ. ದಿನಾ ಬಳಸುವಂಥ ದಪ್ಪದ, ನೆನೆಸಿದ ಹಾಳೆಯೊಂದನ್ನು ಇಟ್ಟು ಹ್ಯಾಂಡಲನ್ನು ಮೆಲ್ಲ ಇಳಿಸಿ. ಕೈಗೆ ಬಿಗಿ ತಾಗುವುದು ಎಳೆತದ ಅರ್ಧಕ್ಕೇ ಆದರೆ ಡೈ ತುಂಬ ಕೆಳಗಿದೆ ಅಂತ ಅರ್ಥ. ಮುಕ್ಕಾಲು ದಾರಿ ದಾಟಿದ ಮೇಲೆ ತಾಗಬೇಕು. ನಟ್ ಸಡಿಲಿಸಿ ಸರಳನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಬಿಗಿದು, ಮತ್ತೆ ನೋಡಿ. ಒಮ್ಮೆಗೇ ಎರಡು ಸುತ್ತು ತಿರುಗಿಸುವ ಆಸೆ ಆಗುತ್ತದೆ. ಬೇಡ, ಆಮೇಲೆ ಮೊದಲು ಎಲ್ಲಿತ್ತು ಅಂತಲೇ ಗೊತ್ತಾಗುವುದಿಲ್ಲ. ಪೆನ್ನಿನಲ್ಲಿ ಒಂದು ಗೀಟು ಹಾಕಿಕೊಂಡು ಶುರು ಮಾಡಿ. ಬಿಸಿಗೆ ಕಬ್ಬಿಣ ಸ್ವಲ್ಪ ಹಿಗ್ಗುವುದರಿಂದ ಡೈ ಕಾದ ಮೇಲೆ ಒಂದು ತಟ್ಟೆ ಒತ್ತಿ, ಕೊನೆಯ ಸಲ ಪರೀಕ್ಷೆ ಮಾಡಬೇಕು.

ಇಷ್ಟು ಮಾಡಿದರೂ ಒಂದು ಎಳೆತ ಹಗುರ, ಇನ್ನೊಂದು ಭಾರ ಆಗುವುದುಂಟು. ಅದಕ್ಕೆ ಯಂತ್ರ ಕಾರಣವಲ್ಲ, ಹಾಳೆ ಕಾರಣ. ಹಾಳೆಯ ಬುಡ ದಪ್ಪ, ತುದಿ ತೆಳು. ಮರದಿಂದ ಮರಕ್ಕೂ ವ್ಯತ್ಯಾಸ. ದಪ್ಪದ್ದು, ತೆಳುವಾದದ್ದು ಅಂತ ಎರಡು ರಾಶಿ ಮಾಡಿ ಒಂದೊಂದನ್ನೇ ಮುಗಿಸಿದರೆ ಕೈಗೆ ಒಂದು ಲಯ ಸಿಗುತ್ತದೆ. ಸರಿಯಾಗಿ ನೆನೆಯದ ಹಾಳೆಯೂ ಬಲ ಕೇಳುತ್ತದೆ, ಮಡಿಕೆಯಲ್ಲಿ ಸೀಳುತ್ತದೆ.

ಒಂದು ಮೊಳದೊಳಗೆ

ಹೆರೆಮಣೆಯಲ್ಲಿ ಕಾಯಿ ಹೆರೆಯುವವರನ್ನು ಗಮನಿಸಿದ್ದೀರಾ? ಒಡೆದ ಕಡಿಗಳು ಒಂದು ಪಕ್ಕ, ಗೆರಟೆ ಹಾಕುವ ಬುಟ್ಟಿ ಇನ್ನೊಂದು ಪಕ್ಕ, ತಟ್ಟೆ ಮುಂದೆ. ಏಳುವುದಿಲ್ಲ, ತಿರುಗುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ದಿನಾ ಮಾಡಿ ಮಾಡಿ ಬಂದದ್ದು. ಅದೇ ಮನೆಯಲ್ಲಿ ಯಂತ್ರ ಬಂದರೆ ಹಾಳೆಯ ಟಬ್ಬು ನೆಲದ ಮೇಲೆ, ತಟ್ಟೆ ಹಾಕುವ ಬುಟ್ಟಿ ಬೆನ್ನ ಹಿಂದೆ!

ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು, ಮುಂಗೈಯನ್ನು ಮಾತ್ರ ಆಚೀಚೆ ಆಡಿಸಿದರೆ ಎಷ್ಟು ದೂರ ಸಿಗುತ್ತದೋ ಅದು ಆರಾಮದ ಜಾಗ. ಹೆಚ್ಚೆಂದರೆ ನಿಮ್ಮದೇ ಒಂದು ಮೊಳ. ಪ್ರತಿ ತಟ್ಟೆಗೂ ಬೇಕಾಗುವುದೆಲ್ಲ ಅದರೊಳಗೆ ಬರಬೇಕು. ಪೊಟ್ಟಣ ಕಟ್ಟುವ ಹಗ್ಗ, ಉಜ್ಜುವ ಬ್ರಷ್ಷು ದೂರ ಇದ್ದರೆ ತೊಂದರೆಯಿಲ್ಲ. ನೀರು ಇಳಿದ ಹಾಳೆಯ ಬುಟ್ಟಿಯನ್ನು ಎಡಗಡೆ, ಮೇಜಿನ ಎತ್ತರದಲ್ಲಿ ಇಡಿ. ನೀರಿನ ಟಬ್ಬು ಮಾತ್ರ ಕರೆಂಟಿನಿಂದ ದೂರ ಇರಲಿ.

ಯಾವ ಕೈಗೆ ಯಾವ ಕೆಲಸ ಅಂತಲೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಎಡಗೈ ಹಾಳೆ ಇಡುತ್ತದೆ, ಬಲಗೈ ಎಳೆಯುತ್ತದೆ, ಎಡಗೈ ತಟ್ಟೆ ತೆಗೆಯುತ್ತದೆ. ಎರಡು ಡೈ ಪಕ್ಕ ಪಕ್ಕ ಇರುವ ಯಂತ್ರವಾದರೆ ಒಂದು ಒತ್ತಿಕೊಂಡಿರುವಾಗ ಇನ್ನೊಂದನ್ನು ತುಂಬಿಸುವುದು. ಅಲ್ಲಿ ಸೊಂಟ ತಿರುಗಿಸದೆ ಒಂದು ಹೆಜ್ಜೆ ಪಕ್ಕಕ್ಕೆ ಇಡುವ ಅಭ್ಯಾಸ ಮಾಡಿಕೊಳ್ಳಿ.

ಈ ತಲೆನೋವು ಹಾಳೆ ತಟ್ಟೆಯವರಿಗೆ ಮಾತ್ರ ಇರುವುದಲ್ಲ. ಅಮೆರಿಕದಂಥ ಕಡೆ ಗುರಿ ಹೊಡೆಯುವ ಆಟದವರು ಬಳಸಿದ ಕೋವಿ ತೋಟೆಯ ಖಾಲಿ ಚಿಪ್ಪನ್ನು ಮತ್ತೆ ತುಂಬಿಸಲು ಮೇಜಿಗೆ ಕಟ್ಟುವ ಕೈಪ್ರೆಸ್ಸು ಇಟ್ಟುಕೊಳ್ಳುತ್ತಾರೆ. ಕೆಲವು ಮಾದರಿಗಳಲ್ಲಿ ಪ್ರತಿ ಎಳೆತದ ನಂತರ ಕೆಳಗಿನ ದುಂಡು ತಟ್ಟೆಯನ್ನು ಕೈಯಲ್ಲೇ ಒಂದು ಮನೆ ಮುಂದಕ್ಕೆ ತಿರುಗಿಸಬೇಕು. ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ತಿರುಗಿಸಲಿಕ್ಕೆ. ಅವರೂ ಹ್ಯಾಂಡಲಿನ ಕೋನ, ಮೇಜಿನ ಎತ್ತರ, ಡಬ್ಬಿಗಳನ್ನು ಇಡುವ ಜಾಗ ಇದನ್ನೇ ಹೊಂದಿಸಿಕೊಳ್ಳುತ್ತಾರೆ. (ನಮ್ಮಲ್ಲಿ ತೋಟೆ ತಯಾರಿಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬರುತ್ತದೆ. ಹಂದಿ ಕಾಟಕ್ಕೆ ಕೋವಿ ಇಟ್ಟವರು ಮನೆಯಲ್ಲಿ ಇಂಥದ್ದಕ್ಕೆ ಕೈ ಹಾಕುವ ಹಾಗಿಲ್ಲ.)

ಹಿಡಿ, ಮೇಜು, ಕಾಲು

ಹ್ಯಾಂಡಲಿನ ಹಿಡಿ ತೆಳ್ಳಗಿದ್ದರೆ ಬೆರಳುಗಳು ಜಾಸ್ತಿ ಬಿಗಿ ಹಿಡಿಯಬೇಕಾಗುತ್ತದೆ, ಮುಂಗೈ ನೋಯುತ್ತದೆ. 3ರಿಂದ 4 ಸೆಂಟಿಮೀಟರ್ ದಪ್ಪ ಇದ್ದರೆ ಮುಷ್ಟಿ ಸರಿಯಾಗಿ ಕೂರುತ್ತದೆ. ಬರೀ ಸರಳು ಇರುವ ಯಂತ್ರಕ್ಕೆ ಸೈಕಲ್ ಟ್ಯೂಬು ಸುತ್ತಿದರೆ ದಪ್ಪವೂ ಬರುತ್ತದೆ, ಒದ್ದೆ ಕೈ ಜಾರುವುದೂ ಇಲ್ಲ.

ಮೇಜು ಅಲ್ಲಾಡಿದರೆ ನೀವು ಹಾಕಿದ ಬಲದ ಒಂದಷ್ಟು ಮೇಜನ್ನು ಅಲುಗಿಸಲಿಕ್ಕೇ ಖರ್ಚಾಗುತ್ತದೆ. ಯಂತ್ರವನ್ನು ಬೋಲ್ಟಿನಿಂದ ಮೇಜಿಗೆ, ಮೇಜನ್ನು ಗೋಡೆಗೋ ನೆಲಕ್ಕೋ ಬಿಗಿಯಿರಿ. ಮುರಕಲ್ಲಿನ ಕಟ್ಟೆ ಕಟ್ಟಿಸಿ ಮೇಲೆ ಕಾಂಕ್ರೀಟ್ ಹಾಕಿ ಅದರಲ್ಲೇ ಬೋಲ್ಟು ಕೂರಿಸುವುದೂ ಒಂದು ದಾರಿ. ಆದರೆ ಎತ್ತರ ಪೂರ್ತಿ ಖಚಿತವಾದ ಮೇಲೆ ಮಾತ್ರ. ಕಟ್ಟೆಯನ್ನು ಸ್ಪ್ಯಾನರಿನಿಂದ ಇಳಿಸಲಿಕ್ಕಾಗುವುದಿಲ್ಲ.

ನಿಲ್ಲುವಾಗ ಒಂದು ಕಾಲು ಸ್ವಲ್ಪ ಮುಂದೆ ಇರಲಿ. ಒಂದೇ ಕಡೆ ತುಂಬ ಹೊತ್ತು ನಿಲ್ಲುವವರು ಸುಮಾರು 15 ಸೆಂಟಿಮೀಟರ್ ಎತ್ತರದ ಒಂದು ಕಲ್ಲನ್ನೋ ಹಲಗೆಯನ್ನೋ ಪಕ್ಕದಲ್ಲಿಟ್ಟು, ಒತ್ತಿ ಕಾಯುವ ಹೊತ್ತಿನಲ್ಲಿ ಒಂದೊಂದು ಕಾಲನ್ನು ಅದರ ಮೇಲಿಟ್ಟರೆ ಸೊಂಟಕ್ಕೆ ಆರಾಮ. ಕಾಲಡಿಗೆ ಒಣ ರಬ್ಬರ್ ಮ್ಯಾಟು. ಅರ್ಧ ಗಂಟೆಗೊಮ್ಮೆ ಎಳೆಯುವವರು ಹಾಳೆ ಉಜ್ಜಲಿಕ್ಕೆ, ಉಜ್ಜುವವರು ಎಳೆಯಲಿಕ್ಕೆ ಬದಲಾಯಿಸಿಕೊಳ್ಳಿ.

ನೀರೂ ಕರೆಂಟೂ ಪಕ್ಕ ಪಕ್ಕ

ಒದ್ದೆ ಹಾಳೆ, ಒದ್ದೆ ಕೈ, ಕಬ್ಬಿಣದ ಯಂತ್ರ, ಒಳಗೆ ಕರೆಂಟಿನ ಕಾಯಿಲ್. ಇಲ್ಲಿ ಅರ್ತಿಂಗ್ ಇಲ್ಲದೆ ಕೆಲಸ ಶುರು ಮಾಡಲೇಬಾರದು. ಜೊತೆಗೆ 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ ಇರಬೇಕು. ಕರೆಂಟು ದಾರಿ ತಪ್ಪಿ ಮೈಯ ಮೂಲಕವೋ ಯಂತ್ರದ ಮೂಲಕವೋ ನೆಲಕ್ಕೆ ಹರಿಯಲು ಶುರುವಾದ ಕೂಡಲೇ ಲೈನನ್ನೇ ಕಡಿಯುವ ಸ್ವಿಚ್ಚು ಅದು. ಮೇಜು, ಹ್ಯಾಂಡಲ್ ಜರುಗಿಸಿದ ಮೇಲೆ ಡೈಗೆ ಹೋಗುವ ವಯರು ಎಲ್ಲಾದರೂ ಎಳೆದ ಹಾಗೆ, ಉಜ್ಜಿದ ಹಾಗೆ ಆಗಿದೆಯಾ ಅಂತ ಒಮ್ಮೆ ನೋಡಿ. ಕೀಲಿಗೆ ಎಣ್ಣೆ ಬಿಡುವುದಾದರೆ ಒಂದೆರಡು ತೊಟ್ಟು ಬಿಟ್ಟು ಒರೆಸಿ. ಬಿಸಿಗೆ ತೆಳ್ಳಗಾಗಿ ಜಿನುಗಿದ ಎಣ್ಣೆ ಊಟದ ತಟ್ಟೆಗೆ ಬೀಳಬಾರದು.

ಒಂದು ಯಂತ್ರ, ಇಬ್ಬರು

ಇಷ್ಟೆಲ್ಲ ಒಬ್ಬರ ಅಳತೆಗೆ ಆಯಿತು. ಮನೆಯಲ್ಲಿ ಎಳೆಯುವವರು ಇಬ್ಬರಿದ್ದರೆ? ಎತ್ತರ ಇರುವವರ ಅಳತೆಗೆ ಮೇಜನ್ನು ಹೊಂದಿಸಿ, ಗಿಡ್ಡ ಇರುವವರಿಗೆ ಹಲಗೆ ಹಾಕುವುದು ಸುಲಭ. ನೆಲವನ್ನು ಎತ್ತರಿಸಲಿಕ್ಕಾಗುತ್ತದೆ, ತಗ್ಗಿಸಲಿಕ್ಕಾಗುವುದಿಲ್ಲ ಅಲ್ವಾ. ಹ್ಯಾಂಡಲಿನ ಕೋನ ದಿನಾ ಬದಲಿಸುವುದು ಬೇಡ, ಬೋಲ್ಟಿನ ಮರೆ ಸವೆದು ಹೋಗುತ್ತದೆ.

ನಮ್ಮಲ್ಲಿ ಯಂತ್ರದ ಹಿಂದಿನ ಗೋಡೆಯಲ್ಲಿ ಸೀಮೆಸುಣ್ಣದ ಎರಡು ಗೀಟುಗಳಿವೆ. ಮೇಲಿನದ್ದು ನನ್ನ ಗೇಣಿನ ಗುರುತು, ಕೆಳಗಿನದ್ದು ಚಿಕ್ಕಮ್ಮನದ್ದು. ಹಲಗೆ ಎರಡು ಪದರದ್ದು, ಸುಮಾರು ಆ ಎರಡು ಗೀಟುಗಳ ನಡುವಿನಷ್ಟೇ ದಪ್ಪ. ಬೆಳಿಗ್ಗೆ ಚಹಾ ಕುಡಿದು ಬಂದವರು ಮೊದಲು ಆ ಹಲಗೆಯನ್ನು ಕಾಲಿನಿಂದ ಮುಂದಕ್ಕೋ ಹಿಂದಕ್ಕೋ ದೂಡಿ, ಆಮೇಲೆ ಸ್ವಿಚ್ಚು ಹಾಕುತ್ತಾರೆ.